ಜುಲೈ 4ಕ್ಕೆ ವೋಟು: ಆರ್ಥಿಕತೆ ನಡೆಸೋದ್ರಲ್ಲಿ ಟೋರಿ ವಾಸಿಯೋ, ಲೇಬರ್ ವಾಸಿಯೋ?

ರೆಡಿಂಗ್_ರಂಗ · 14 ಜೂನ್ 2024
ಎಲ್ಲರಿಗೂ ನಮಸ್ಕಾರ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇಲ್ಲಿ ಬ್ರಿಟನ್ನಿನಲ್ಲಿದ್ದೀನಿ, ಪಾಸ್‌ಪೋರ್ಟ್ ಭಾರತದ್ದೇ. ಕಾಮನ್‌ವೆಲ್ತ್ ದೇಶದವರಿಗೂ ಇಲ್ಲಿ ಪಾರ್ಲಿಮೆಂಟ್ ಚುನಾವಣೇಲಿ ವೋಟಿದೆ ಅಂತ ತಿಳಿದು ಹೆಸರು ಸೇರಿಸಿದ್ದೂ ಆಯ್ತು. ಈಗ ಹಾಕೋದು ಯಾರಿಗೆ?

ಆಫೀಸಿನಲ್ಲಿ ಒಬ್ಬ "ಲೇಬರ್ ಬಂದಾಗಲೆಲ್ಲ ಖಜಾನೆ ಖಾಲಿ" ಅಂತಾನೆ. ಇನ್ನೊಬ್ಬಳು "14 ವರ್ಷದಲ್ಲಿ ಟೋರಿಗಳು (ಕನ್ಸರ್ವೇಟಿವ್ ಪಕ್ಷದವರು) ದೇಶ ಹಾಳು ಮಾಡಿದ್ರು" ಅಂತಾಳೆ. ಮಂಗಳವಾರ ಒಂದು ಪ್ರಣಾಳಿಕೆ, ನಿನ್ನೆ ಇನ್ನೊಂದು. ಎರಡನ್ನೂ ಓದಿದೆ, ಎರಡರಲ್ಲೂ ಸ್ಥಿರತೆ, ಬೆಳವಣಿಗೆ ಅನ್ನೋ ಮಾತೇ ತುಂಬಿದೆ. ಮುಂದೆ ಏನು ಮಾಡ್ತಾರೆ ಅನ್ನೋದು ಬಿಡಿ, ಹಿಂದೆ ಏನು ಮಾಡಿದ್ರು ಅಂತ ಬಲ್ಲವರು ಹೇಳಿ. ಜಗಳ ಆಡಿ, ಆದ್ರೆ ಅಂಕಿ ಇಟ್ಕೊಂಡು ಆಡಿ.

ಎಂಕೆ_ಮಂಜ
ಅಂಕಿ ತಾನೇ? ಮನೆ ಸಾಲ 3 ಲಕ್ಷ ಪೌಂಡು, 25 ವರ್ಷ. ಫಿಕ್ಸ್ ಬಡ್ಡಿ 1.5% ಇದ್ದಾಗ ತಿಂಗಳ ಕಂತು 1,200. ಈಗ ಹೊಸ ಫಿಕ್ಸ್ 5.5%, ಕಂತು 1,840. ತಿಂಗಳಿಗೆ 640 ಪೌಂಡು ಎಲ್ಲಿಂದ ತರ್ಲಿ ಗುರು? 2022ರಲ್ಲಿ ಪ್ರಧಾನಿ ಆಗಿದ್ದ ಟೋರಿ ಲಿಜ್ ಟ್ರಸ್ ಅಮ್ಮನವರ ಕೃಪೆ. ನನ್ನ ಮಟ್ಟಿಗೆ ಚರ್ಚೆ ಮುಗೀತು.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್
ಅಲ್ರೀ ಮಂಜಣ್ಣ, ಟ್ರಸ್ ಇದ್ದದ್ದು 49 ದಿನ. ಅಕಿ ಬರೂಕಿಂತ ಮೊದ್ಲ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಏರಿಸ್ಲಿಕ್ಕೆ ಹತ್ತಿತ್ತು. 2021ರ ಡಿಸೆಂಬರ್‌ದಾಗ 0.1% ಇದ್ದದ್ದು, ಅಕಿ ಸರ್ಕಾರದ ಮಿನಿ ಬಜೆಟ್ಟಿನ ಹಿಂದಿನ ದಿನ 2.25%ಕ್ಕ ಬಂದಿತ್ತು. ಅಮೆರಿಕಾದಾಗೂ ಏರ್ತು, ಯೂರೋಪಿನಾಗೂ ಏರ್ತು. ಅಲ್ಲೇನ್ ಟ್ರಸ್ ಇದ್ಳೇನು?

ಎಂಕೆ_ಮಂಜ
ಅಕ್ಟೋಬರಿನಲ್ಲಿ ನಂಗೆ ಕೊಟ್ಟಿದ್ದ ದರವನ್ನ ಒಂದೇ ವಾರದಲ್ಲಿ ವಾಪಸ್ ತಗೊಂಡ್ರು. ಅದೂ ಯೂರೋಪಿನ ಕೈವಾಡಾನಾ?

ಲೆಕ್ಕಿಗ
ಇಬ್ಬರದ್ದೂ ಅರ್ಧರ್ಧ ಸರಿ. 2022ರ ಸೆಪ್ಟೆಂಬರ್ 23ರಂದು ಟ್ರಸ್ ಅವರ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಆ ಮಿನಿ ಬಜೆಟ್ಟಿನಲ್ಲಿ ಮಂಡಿಸಿದ್ದು ಸುಮಾರು 45 ಬಿಲಿಯನ್ ಪೌಂಡಿನ ತೆರಿಗೆ ಕಡಿತ. ದುಡ್ಡು ಎಲ್ಲಿಂದ ಬರುತ್ತೆ ಅಂತ ಹೇಳಲಿಲ್ಲ. ಬಜೆಟ್ ಲೆಕ್ಕವನ್ನು ಸ್ವತಂತ್ರವಾಗಿ ತೂಗಿ ನೋಡೋ ಓಬಿಆರ್‌ನ ಅಂದಾಜನ್ನೂ ಪ್ರಕಟಿಸಲಿಲ್ಲ. ಮಾರುಕಟ್ಟೆ ಬೆದರಿದ್ದು ಮೊತ್ತ ನೋಡಿ ಮಾತ್ರ ಅಲ್ಲ, ಲೆಕ್ಕ ಮುಚ್ಚಿಟ್ಟರಲ್ಲ ಅಂತ. ಪೌಂಡು 1.03 ಡಾಲರಿಗೆ ಕುಸಿಯಿತು. ಸರ್ಕಾರಿ ಬಾಂಡುಗಳ ಬೆಲೆ ಬಿದ್ದಾಗ, ಅವನ್ನೇ ಅಡವಿಟ್ಟು ಸಾಲ ಎತ್ತಿದ್ದ ಪಿಂಚಣಿ ನಿಧಿಗಳು ಹೆಚ್ಚುವರಿ ಅಡಮಾನ ತುಂಬೋಕೆ ಮತ್ತೆ ಬಾಂಡನ್ನೇ ಮಾರಬೇಕಾಯ್ತು. ಮಾರಿದಷ್ಟೂ ಬೆಲೆ ಇನ್ನಷ್ಟು ಬಿತ್ತು. ಕೊನೆಗೆ 28ನೇ ತಾರೀಕು ಬ್ಯಾಂಕ್ ಆಫ್ ಇಂಗ್ಲೆಂಡ್ ನಡುವೆ ಬಂತು. 65 ಬಿಲಿಯನ್‌ವರೆಗೆ ಕೊಳ್ತೀವಿ ಅಂದರು, ಕೊಂಡಿದ್ದು ಸುಮಾರು 19.

ಇದರಿಂದಾದ ಮನೆ ಸಾಲದ ಬಡ್ಡಿ ಏರಿಕೆ ಕೆಲವೇ ತಿಂಗಳಲ್ಲಿ ಇಳೀತು ಅನ್ನೋದೂ ನಿಜ. 2023ರ ಬೇಸಿಗೆಯಲ್ಲಿ ಮಾರ್ಟ್‌ಗೇಜ್ ದರ ಮತ್ತೆ 6% ದಾಟಿತು, ಆಗ ಪ್ರಧಾನಿ ಸುನಕ್. ಅದಕ್ಕೆ ಕಾರಣ ಇಳಿಯದ ಹಣದುಬ್ಬರ. 2022ರ ಅಕ್ಟೋಬರಿನಲ್ಲಿ 11.1%, 41 ವರ್ಷದಲ್ಲೇ ಹೆಚ್ಚು. ಯೂರೋ ದೇಶಗಳಲ್ಲೂ 10.6 ಮುಟ್ಟಿತ್ತು. ಹಾಗಾಗಿ ಟ್ರಸ್ ಮೇಲೆ ಹೊರಿಸಬೇಕಾದ್ದನ್ನ ಹೊರಿಸಿ, ಯುಕ್ರೇನ್ ಮೇಲೆ ಯುದ್ಧಕ್ಕೆ ಹೋಗಿ ಪುಟಿನ್ ಮಾಡಿದ್ದನ್ನೂ ಆಕೆಯ ತಲೆಗೇ ಕಟ್ಟಬೇಡಿ.

ಕುಂದಾಪ್ರದ_ಹೆಣ್ಣು
ಲೆಕ್ಕಿಗರೇ, ಹಾಗಾದ್ರೆ "ಹಣದುಬ್ಬರ ಅರ್ಧ ಮಾಡಿದ್ದು ನಾನೇ" ಅಂತ ಸುನಕ್ ಎದೆ ತಟ್ಟಿಕೊಳ್ಳೋದು ಯಾಕೆ ಮಾರಾಯ್ರೆ? ಏರುವಾಗ ಪುಟಿನ್, ಇಳಿಯುವಾಗ ರಿಷಿ! ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯ್ತು ಅಂದ ಅಜ್ಜಿಯ ಹಾಗೆ ಆಯ್ತು.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್
😂 ನಮ್ಮೂರ ಅಳಿಯಗ ಹಂಗ ಅನಬ್ಯಾಡ್ರಿ ಅಕ್ಕಾರ. ಅಕ್ಷತಾ ಹುಟ್ಟಿದ್ದು ಹುಬ್ಬಳ್ಳ್ಯಾಗ. ಬೀಗರ ಮನಿ ಮರ್ಯಾದಿ ಪ್ರಶ್ನೆ.

ಸ್ವಾನ್ಸೀ_ಶಿಲ್ಪ
ಅಳಿಯನಿಗೆ ಮರ್ಯಾದೆ ಸರಿ. ಆದ್ರೆ ಮನೆಯವರು ನಾನ್-ಡಾಮ್ (ಇಲ್ಲಿದ್ರೂ ವಿದೇಶಿ ಆದಾಯಕ್ಕೆ ಇಲ್ಲಿ ತೆರಿಗೆ ಕಟ್ಟದಿರೋ ಸೌಲಭ್ಯ ಪಡೆದವರು) ಅನ್ನೋ ಸುದ್ದಿ 2022ರಲ್ಲಿ ಬಂದಾಗ ಹಣಕಾಸು ಖಾತೆ ಇದೇ ಅಳಿಯನ ಹತ್ರ ಇತ್ತು. ಕಾನೂನು ಪ್ರಕಾರ ತಪ್ಪಿಲ್ಲ, ಆಮೇಲೆ ಆಕೆ ವಿದೇಶಿ ಆದಾಯಕ್ಕೂ ಇಲ್ಲೇ ತೆರಿಗೆ ಕಟ್ತೀನಿ ಅಂದ್ರು, ಆಯ್ತು. ಮಜಾ ಏನಂದ್ರೆ, ನಾನ್-ಡಾಮ್ ತೆಗೀತೀವಿ ಅಂತ ಲೇಬರ್ ಹೇಳಿದಾಗ ಟೋರಿಗಳು ಆಗಲ್ಲ ಅಂದಿದ್ರು. ಈ ಮಾರ್ಚಿನ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜೆರೆಮಿ ಹಂಟ್ ಅದನ್ನೇ ಎತ್ಕೊಂಡು ಘೋಷಣೆ ಮಾಡಿದ್ರು.

ನಿರ್ವಾಹಕ
ಅಳಿಯ, ಅತ್ತೆ, ಬೀಗರ ಚರ್ಚೆಗೆ ಹರಟೆಕಟ್ಟೆ ವಿಭಾಗ ಇದೆ. ಇಲ್ಲಿ ಆರ್ಥಿಕತೆ.

ಯಾರ್ಕ್‌ಶೈರ್_ಡಾಕ್ಟ್ರು
ನಾನು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1973ರಲ್ಲಿ ಇಲ್ಲಿಗೆ ಬಂದವನು. ನೀವೆಲ್ಲ 2010ರಿಂದ ಲೆಕ್ಕ ಹಾಕುತ್ತಿದ್ದೀರಿ, ಸ್ವಲ್ಪ ಹಿಂದಕ್ಕೆ ಹೋಗೋಣ.

ಬಂದ ಚಳಿಗಾಲದಲ್ಲೇ ಗಣಿ ಕಾರ್ಮಿಕರ ಹೋರಾಟ, ಕಲ್ಲಿದ್ದಲಿನ ಕೊರತೆ. ವಿದ್ಯುತ್ ಉಳಿಸಲು ಕೈಗಾರಿಕೆಗಳಿಗೆ ವಾರಕ್ಕೆ ಮೂರೇ ದಿನ ಕೆಲಸ. ಪ್ರಧಾನಿ ಎಡ್ವರ್ಡ್ ಹೀತ್, ಟೋರಿ. ಆಮೇಲೆ ಲೇಬರ್ ಬಂತು. 1975ರಲ್ಲಿ ಹಣದುಬ್ಬರ 26% ದಾಟಿತು. 1976ರಲ್ಲಿ ಹಣಕಾಸು ಸಚಿವ ಡೆನಿಸ್ ಹೀಲಿ ಐಎಂಎಫ್ ಮುಂದೆ 3.9 ಬಿಲಿಯನ್ ಡಾಲರಿಗೆ ಕೈಚಾಚಿದರು. ಭಾರತದಿಂದ ಬಂದ ನಮಗೆ ಅದೊಂದು ಆಶ್ಚರ್ಯ: ಇವರೂ ಸಾಲಕ್ಕೆ ಹೋಗುತ್ತಾರೆಯೇ! 1979ರ ಆರಂಭದಲ್ಲಿ ಮುಷ್ಕರದಿಂದಾಗಿ ಲಿವರ್‌ಪೂಲಿನಲ್ಲಿ ಹೆಣ ಹೂಳುವವರಿರಲಿಲ್ಲ, ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಕಸದ ರಾಶಿ. "ಲೇಬರಿಗೆ ದುಡ್ಡಿನ ವ್ಯವಹಾರ ಗೊತ್ತಿಲ್ಲ" ಎಂಬ ಮಾತು ಬೇರು ಬಿಟ್ಟಿದ್ದು ಆಗ. ಇಂದಿಗೂ ನನ್ನ ವಯಸ್ಸಿನವರು ಅದನ್ನೇ ಹೇಳುತ್ತಾರೆ.

ಆದರೆ ಮುಂದಿನದನ್ನೂ ಹೇಳಬೇಕು. ಟೋರಿಗಳ ಥ್ಯಾಚರ್ ಬಂದ ವರ್ಷವೇ ಬಡ್ಡಿ 17% ಆಯಿತು, ವ್ಯಾಟ್ 8ರಿಂದ 15ಕ್ಕೆ ಏರಿತು. 1982ರ ಜನವರಿಗೆ ನಿರುದ್ಯೋಗಿಗಳು 30 ಲಕ್ಷ ದಾಟಿದರು. ಗಣಿ ಊರಿನಲ್ಲಿ ಜಿಪಿ (ಸಾಮಾನ್ಯ ವೈದ್ಯ) ಆಗಿದ್ದ ನಾನು ಆ ಮುಖಗಳನ್ನು ಕಂಡವನು. ಬೆನ್ನುನೋವು ಎಂದು ಬರುವರು, ಪರೀಕ್ಷಿಸಿದರೆ ಬೆನ್ನಿಗೆ ಏನೂ ಆಗಿರುತ್ತಿರಲಿಲ್ಲ.

ಲೆಕ್ಕಿಗ
ಡಾಕ್ಟ್ರೇ, 1992ನ್ನೂ ಸೇರಿಸಿ. ಸೆಪ್ಟೆಂಬರ್ 16, ಯೂರೋಪಿನ ವಿನಿಮಯ ವ್ಯವಸ್ಥೆಯಲ್ಲಿ ಪೌಂಡನ್ನು ಉಳಿಸಿಕೊಳ್ಳೋಕೆ ಒಂದೇ ದಿನ ಬಡ್ಡಿ 10ರಿಂದ 12, ಆಮೇಲೆ 15 ಅಂತ ಘೋಷಣೆ. ಸಂಜೆ ಹೊತ್ತಿಗೆ ಕೈಚೆಲ್ಲಿ ಹೊರಬಂದ್ರು. ಟೋರಿಗಳಿಗೆ ಇದ್ದ "ನಾವು ಲೆಕ್ಕದಲ್ಲಿ ಗಟ್ಟಿ" ಅನ್ನೋ ಹೆಸರು ಅವತ್ತೇ ಹೋಯ್ತು. ವಿಚಿತ್ರ ಅಂದ್ರೆ ಹೊರಬಂದಿದ್ದೇ ಆರ್ಥಿಕತೆಗೆ ಒಳ್ಳೇದಾಯ್ತು. 1997ರಲ್ಲಿ ಲೇಬರ್ ಗೆದ್ದಾಗ ಕೈಗೆ ಸಿಕ್ಕಿದ್ದು ಚೇತರಿಸಿಕೊಂಡ ದೇಶ.

ಮಂಡ್ಯ_ಮಾಂಚೆಸ್ಟರ್
ಅಂದ್ರೆ ಒಬ್ರು ನೆಟ್ಟಿದ್ದು ಇನ್ನೊಬ್ರು ಕುಯ್ಕೊಂಡ್ರು. ಸರಿ ಬುಡಿ, 2008ರ ಆರ್ಥಿಕ ಕುಸಿತ ಯಾರ ತಲೆಗೆ?

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್
ಲೇಬರ್ ತಲಿಗೇ! ನಾರ್ದರ್ನ್ ರಾಕ್ ಬ್ಯಾಂಕಿನ ಮುಂದ ಜನ ರೊಕ್ಕ ತಗಿಲಿಕ್ಕೆ ಪಾಳಿ ಹಚ್ಚಿದ್ದು 2007ರಾಗ. ಗಾರ್ಡನ್ ಬ್ರೌನ್ ಹತ್ತು ವರ್ಷ ಚಾನ್ಸಲರ್ (ಹಣಕಾಸು ಮಂತ್ರಿ) ಇದ್ದಾಂವ. ಬಂಗಾರದ ರೇಟ್ ತಳಾ ಮುಟ್ಟಿದಾಗ 395 ಟನ್ ಮಾರಿದ ಪುಣ್ಯಾತ್ಮ. ಕಡೀಕೆ 2010ರಾಗ "ರೊಕ್ಕ ಉಳಿದಿಲ್ಲ" ಅಂತ ಚೀಟಿ ಬರದಿಟ್ಟು ಹೋದಾಂವ ಲೇಬರ್ ಮಂತ್ರಿ ಲಿಯಮ್ ಬರ್ನ್, ನಮ್ಮ ಬರ್ಮಿಂಗ್‌ಹ್ಯಾಮಿನ ಎಂಪಿನೇ. ಇನ್ನೇನ್ ಸಾಕ್ಷಿ ಬೇಕ್ರಿ?

ಸ್ವಾನ್ಸೀ_ಶಿಲ್ಪ
ಆ ಚೀಟಿ ತಮಾಷೆಗೆ ಬರೆದಿದ್ದು. ಟೋರಿ ಪ್ರಧಾನಿ ಕ್ಯಾಮರೂನ್ 2015ರ ಪ್ರಚಾರದಲ್ಲೂ ಅದನ್ನ ಜೇಬಲ್ಲಿಟ್ಕೊಂಡು ಓಡಾಡ್ತಿದ್ರು. ಲೇಬರಿನವರು ಬರೆದ ಅತಿ ದುಬಾರಿ ಜೋಕು.

ಲೆಕ್ಕಿಗ
ಹುಬ್ಬಳ್ಳಿಯವ್ರೇ, ಅಮೆರಿಕಾದ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿದ್ದೂ ಬ್ರೌನ್ ತಪ್ಪಾ? ಮೇಲೆ ನೀವೇ ಹೇಳಿದ್ರಿ, ಎಲ್ಲ ಕಡೆ ಏರಿದ ಬಡ್ಡಿಗೆ ಟ್ರಸ್ ಕಾರಣ ಅಲ್ಲ ಅಂತ. ಅದೇ ತಕ್ಕಡಿ ಇಲ್ಲಿಗೂ ತನ್ನಿ.

2007ರಲ್ಲಿ ದೇಶದ ಸಾಲ ಜಿಡಿಪಿಯ 40%ಗಿಂತ ಕಮ್ಮಿ ಇತ್ತು. ಆ ಸೆಪ್ಟೆಂಬರಿನಲ್ಲಿ ಟೋರಿಗಳ ಜಾರ್ಜ್ ಆಸ್ಬೋರ್ನ್ "ನಾವು ಬಂದರೂ ಲೇಬರಿನ ಖರ್ಚಿನ ಯೋಜನೆಯನ್ನೇ ಅನುಸರಿಸ್ತೀವಿ" ಅಂತ ಮಾತು ಕೊಟ್ಟಿದ್ರು. ಖರ್ಚು ಅಷ್ಟೊಂದು ಅತಿಯಾಗಿದ್ರೆ ಆಗಲೇ ಹೇಳ್ಬೇಕಿತ್ತಲ್ಲ? ಬ್ಯಾಂಕುಗಳ ಮೇಲೆ ಹಿಡಿತ ಸಡಿಲ ಬಿಟ್ಟಿದ್ದು ಲೇಬರಿನ ನಿಜವಾದ ತಪ್ಪು. ಅದನ್ನ ಇನ್ನೂ ಸಡಿಲ ಮಾಡಿ ಅಂತಿದ್ದವರು ಟೋರಿಗಳು.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್
ಬಂಗಾರದ್ದು ಬಿಟ್ರಲ್ಲ?

ಲೆಕ್ಕಿಗ
ಬಂಗಾರ ಮಾರಿದ್ದು ದಡ್ಡತನ. ಅದರಲ್ಲಿ ವಾದ ಇಲ್ಲ.

ಎಂಕೆ_ಮಂಜ
2010ರಲ್ಲಿ ಸಾಲ ಸುಮಾರು 1 ಟ್ರಿಲಿಯನ್ ಪೌಂಡು. ಈಗ 2.7 ಟ್ರಿಲಿಯನ್, ಹೆಚ್ಚುಕಮ್ಮಿ ಜಿಡಿಪಿಯಷ್ಟೇ. "ಸಾಲ ತೀರಿಸೋಕೆ ಹೊಟ್ಟೆ ಕಟ್ಟಿ" ಅಂದವರ ಸಾಧನೆ. ಲೈಬ್ರರಿ ಮುಚ್ಚಿ, ಮಕ್ಕಳ ಕೇಂದ್ರ ಮುಚ್ಚಿ, ವ್ಯಾಟ್ 17.5ರಿಂದ 20 ಮಾಡಿ, ಕೊನೆಗೆ ಸಾಲವೂ ಡಬಲ್.

ಕಾರ್ಕಳ_ಕೇಂಬ್ರಿಜ್
ಮಂಜಣ್ಣ, ಅದರಲ್ಲಿ ಕೋವಿಡ್ ಇದೆ ಮಾರಾಯ್ರೆ. ಫರ್ಲೋ ಒಂದಕ್ಕೇ ಸುಮಾರು 70 ಬಿಲಿಯನ್. 1 ಕೋಟಿ 17 ಲಕ್ಷ ಕೆಲಸಗಳಿಗೆ ಸಂಬಳ ಕೊಟ್ಟದ್ದು ಸರ್ಕಾರ. ನನ್ನ ಗಂಡನ ಕೆಲಸ ಉಳಿದದ್ದು ಅದರಿಂದ. ಲೇಬರ್ ಇದ್ದರೂ ಇಷ್ಟೇ ಖರ್ಚು ಮಾಡುತ್ತಿತ್ತು, ಜಾಸ್ತಿ ಅಂತಲೇ ಹೇಳಿ. ಮತ್ತೆ ನಿರುದ್ಯೋಗ ನೋಡಿ: 2010ರಲ್ಲಿ ಸುಮಾರು 8%, ಈಗ 4.4%. ಇದನ್ನು ಒಬ್ಬರೂ ಹೇಳಲಿಲ್ಲ. ಎಲ್ಲ ಬೈಯುವುದೇ ಆಯ್ತು.

ಸ್ವಾನ್ಸೀ_ಶಿಲ್ಪ
ಕೆಲಸ ಇದೆ, ಸಂಬಳ ಎಲ್ಲಿ ಏರಿದೆ? ಬೆಲೆ ಏರಿಕೆ ಕಳೆದು ನೋಡಿದ್ರೆ ಸರಾಸರಿ ಸಂಬಳ 2008ರ ಆಸುಪಾಸಲ್ಲೇ ನಿಂತಿದೆ. ದೀರ್ಘ ಕಾಯಿಲೆ ಅಂತ ಕೆಲಸ ಬಿಟ್ಟು ಕೂತವರು 28 ಲಕ್ಷ, ಅವರು ನಿರುದ್ಯೋಗದ ಲೆಕ್ಕಕ್ಕೇ ಬರಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಚಿಕಿತ್ಸೆಗೆ ಕಾಯುವ ಪಟ್ಟಿ 2010ರಲ್ಲಿ 25 ಲಕ್ಷ ಇತ್ತು, ಈಗ 75 ಲಕ್ಷದ ಮೇಲೆ. ಈ ಎರಡಕ್ಕೂ ಸಂಬಂಧ ಇಲ್ವಾ ಡಾಕ್ಟ್ರೇ?

ಯಾರ್ಕ್‌ಶೈರ್_ಡಾಕ್ಟ್ರು
ಇದೆಯಮ್ಮ. ಮಂಡಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ಲಾರಿ ಚಾಲಕ ಲಾರಿ ಓಡಿಸಲಾರ. ಖಜಾನೆಯವರು ಆಸ್ಪತ್ರೆಯನ್ನು ಖರ್ಚಿನ ಬಾಬ್ತು ಎಂದಷ್ಟೇ ಬರೆದುಕೊಳ್ಳುತ್ತಾರೆ. ಬ್ಲೇರ್-ಬ್ರೌನ್ ಕಾಲದಲ್ಲಿ ದುಡ್ಡು ಬಂದಿದ್ದನ್ನು ನಮ್ಮ ಪ್ರಾಕ್ಟೀಸಿನಲ್ಲೇ ಕಂಡೆ. ಆದರೆ ಖಾಸಗಿಯವರ ಬಂಡವಾಳದಲ್ಲಿ ಕಟ್ಟಿಸಿದ ಆಸ್ಪತ್ರೆಗಳ ಪಿಎಫ್‌ಐ ಕಂತನ್ನು ಇವತ್ತಿಗೂ ಕಟ್ಟುತ್ತಿದ್ದೇವೆ, ಅದನ್ನೂ ಮರೆಯಬಾರದು. ಆ ಯೋಜನೆ ಶುರು ಮಾಡಿದವರು ಟೋರಿಗಳು, ಬೆಳೆಸಿದವರು ಲೇಬರಿನವರು.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್
ನನ್ನ ಕೌನ್ಸಿಲ್ ಟ್ಯಾಕ್ಸ್ ಈ ಏಪ್ರಿಲ್‌ದಾಗ 10% ಏರೇತಿ. ಯಾಕ? ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ ಹೋದ ಸೆಪ್ಟೆಂಬರ್‌ದಾಗ ರೊಕ್ಕ ಇಲ್ಲ ಅಂತ 114ನೇ ನೋಟಿಸ್ ಕೊಟ್ಟು ಕೈ ಎತ್ತಿತು. ಹೆಣ್ಮಕ್ಕಳಿಗೆ ಸಮಾನ ವೇತನದ ಬಾಕಿ ಕೊಡೂದಿತ್ತು, ಮ್ಯಾಲೆ ಹೊಸ ಕಂಪ್ಯೂಟರ್ ವ್ಯವಸ್ಥೆ ಹಚ್ಚಲಿಕ್ಕೆ ಹೋಗಿ ಖರ್ಚು ಕೈಮೀರಿ ಹೋತು. ನಡಸಾವ್ರು ಯಾರು? ಲೇಬರ್. ಒಂದು ಊರ ಸಂಭಾಳಸಾಕ ಆಗದವ್ರು ದೇಶ ನಡಸ್ತಾರಂತ.

ಮಂಡ್ಯ_ಮಾಂಚೆಸ್ಟರ್
ಅಣ್ಣೋ, 2018ರಲ್ಲಿ ನಾರ್ಥಾಂಪ್ಟನ್‌ಶೈರ್, 2022ರಲ್ಲಿ ಥರಕ್. ಎರಡೂ ಟೋರಿ ಕೌನ್ಸಿಲ್ಲು, ಎರಡೂ ಅದೇ ನೋಟಿಸ್ ಕೊಟ್ಟವೆ. ಲಂಡನ್ನಿಂದ ಬರೋ ದುಡ್ಡನ್ನ ಹದ್ನಾಕು ವರ್ಷ ಕತ್ತರಿಸ್ತಾ ಬಂದ್ರೆ ಯಾವನಾದ್ರೂ ಮುಳುಗ್ತಾನೆ ಕಣಣ್ಣೋ.

ಸ್ವಾನ್ಸೀ_ಶಿಲ್ಪ
ನಮ್ಮ ಪಕ್ಕದ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್ ಊದುಕುಲುಮೆ ಮುಚ್ತಿದೆ, ಸುಮಾರು 2,800 ಕೆಲಸ ಹೋಗುತ್ತೆ ಅಂತ ಜನವರಿಯಲ್ಲೇ ಹೇಳಿದ್ರು. ವಿದ್ಯುತ್ ಕುಲುಮೆಗೆ ಸರ್ಕಾರ 500 ಮಿಲಿಯನ್ ಕೊಡ್ತಿದೆ. ಪರಿಸರಕ್ಕೆ ಒಳ್ಳೇದು, ಒಪ್ತೀನಿ. ಆದ್ರೆ "ಆರ್ಥಿಕತೆ ಚೇತರಿಸ್ತಿದೆ" ಅಂತ ಟೀವಿಯಲ್ಲಿ ಹೇಳೋರು ಒಂದ್ಸಲ ಇಲ್ಲಿ ಬಸ್ಸಿಗೆ ನಿಂತು ಜನರ ಮಾತು ಕೇಳ್ಬೇಕು. ಬ್ರೆಕ್ಸಿಟ್‌ಗೆ ವೋಟ್ ಹಾಕಿದ ಊರು ಇದು. ಈಗ ಅದರ ಬಗ್ಗೆ ಯಾರೂ ಉಸಿರೆತ್ತಲ್ಲ.

ಲೆಕ್ಕಿಗ
ಊರಿನವರು ಬಿಡಿ, ಎರಡೂ ದೊಡ್ಡ ಪಕ್ಷಗಳೇ ಉಸಿರೆತ್ತಲ್ಲ. ಬ್ರೆಕ್ಸಿಟ್‌ನಿಂದ ದೀರ್ಘಾವಧಿಯಲ್ಲಿ ಉತ್ಪಾದಕತೆ 4% ಕುಗ್ಗುತ್ತೆ ಅನ್ನೋದು ಓಬಿಆರ್ ಅಂದಾಜು. ಟೋರಿಗಳಿಗೆ ಹೇಳೋಕೆ ಮುಜುಗರ, ಲೇಬರಿಗೆ ಹೇಳಿದ್ರೆ ಬ್ರೆಕ್ಸಿಟ್ ಬೇಕಂದ ಉತ್ತರ ಇಂಗ್ಲೆಂಡಿನ ವೋಟು ಹೋಗುತ್ತೆ ಅನ್ನೋ ಭಯ.

ರೆಡಿಂಗ್_ರಂಗ · 18 ಜೂನ್
ಎಲ್ಲಾ ಓದ್ತಾ ಇದ್ದೀನಿ. ಒಂದು ಸಂದೇಹ. ಸುನಕ್ ಅವರು ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ, ಸಂಬಳದಲ್ಲಿ ಮುರ್ಕೊಳ್ಳೋ ವಂತಿಗೆ) 12%ನಿಂದ 8%ಗೆ ಇಳಿಸಿದ್ರಲ್ಲ, ಅದು ನನ್ನ ಪೇಸ್ಲಿಪ್ಪಿನಲ್ಲಿ ಕಾಣಿಸ್ತಿದೆ. ಹಾಗಿದ್ರೂ ತೆರಿಗೆ ಹೊರೆ ಯುದ್ಧಕಾಲದ ನಂತರ ಅತಿ ಹೆಚ್ಚಿನ ಮಟ್ಟಕ್ಕೆ ಹೋಗ್ತಿದೆ ಅಂತಾರಲ್ಲ, ಎರಡೂ ಹೇಗೆ ನಿಜ?

ಇನ್ನೂ ಹೆಸರು ಸೇರಿಸದವರಿಗೆ ಇವತ್ತು ರಾತ್ರಿ 11:59 ಕೊನೆ.

ಲೆಕ್ಕಿಗ
ಇಡೀ ಚುನಾವಣೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು, ಯಾರೂ ಕೇಳ್ತಿಲ್ಲ. ತೆರಿಗೆ ಇಲ್ಲದ ಮೊತ್ತ 12,570, ಮತ್ತೆ 40% ಶುರುವಾಗೋ 50,270, ಈ ಎರಡನ್ನೂ 2021ರಿಂದ ಅಲುಗಾಡಿಸಿಲ್ಲ. 2028ರವರೆಗೂ ಹೀಗೇ. ಮಾಮೂಲಿನಂತೆ ಬೆಲೆ ಏರಿಕೆಗೆ ತಕ್ಕಂತೆ ಏರಿಸಿದ್ರೆ ಈ ವರ್ಷ ಮೊದಲನೆಯದು ಸುಮಾರು 15,200, ಎರಡನೆಯದು ಸುಮಾರು 60,900 ಆಗಿರ್ತಿತ್ತು.

ನಾನು ಕೂತು ಹಾಕಿದ ಲೆಕ್ಕ, ಇಂಗ್ಲೆಂಡಿಗೆ ಅನ್ವಯ. 35,000 ಸಂಬಳದವರಿಗೆ ಎನ್‌ಐ ಕಡಿತದಿಂದ ವರ್ಷಕ್ಕೆ ಸುಮಾರು 900 ಉಳಿತಾಯ, ಮಿತಿ ಏರಿಸದ್ದರಿಂದ ಸುಮಾರು 530 ನಷ್ಟ. ಒಟ್ಟಿನಲ್ಲಿ ಲಾಭ. 60,000 ಸಂಬಳದವರಿಗೆ ಎನ್‌ಐ ಉಳಿತಾಯ 1,508, ಅದಕ್ಕಿಂತ ಮೇಲೆ ಹೋಗಲ್ಲ. ಇನ್ಕಮ್ ಟ್ಯಾಕ್ಸಿನಲ್ಲಿ ಹೋಗೋದು ಸುಮಾರು 2,470. ನಷ್ಟ. 14,000 ಸಂಬಳದ ಪಾರ್ಟ್‌ಟೈಮ್ ಕೆಲಸದವರಿಗೂ ನಷ್ಟ, ಯಾಕಂದ್ರೆ ಅವರು ಇನ್ಕಮ್ ಟ್ಯಾಕ್ಸೇ ಕಟ್ಟಬೇಕಿರಲಿಲ್ಲ. ಪಿಂಚಣಿದಾರರು ಎನ್‌ಐ ಕಟ್ಟೋದೇ ಇಲ್ಲ, ಅವರಿಗೆ ಬರೀ ನಷ್ಟ.

ಈಗ ಎರಡು ಪ್ರಣಾಳಿಕೆ ತೆಗೀರಿ. ಟೋರಿ: ಎನ್‌ಐ ಇನ್ನೂ 2 ಪೆನ್ಸ್ (ಪೌಂಡಿಗೆ, ಅಂದ್ರೆ 2%) ಇಳಿಸ್ತೀವಿ. ಲೇಬರ್: ಇನ್ಕಮ್ ಟ್ಯಾಕ್ಸ್, ಎನ್‌ಐ, ವ್ಯಾಟ್ ಏರಿಸಲ್ಲ. ದುಡಿಯೋರಿಗೆ ಈ ಮಿತಿಯನ್ನ ಬೇಗ ಬಿಡಿಸ್ತೀವಿ ಅಂತ ಇಬ್ಬರೂ ಹೇಳಿಲ್ಲ. ದರ ಏರಿಸದೇನೇ ತೆರಿಗೆ ಏರುತ್ತೆ. ಸುಳ್ಳು ಹೇಳಿದ ಹಾಗೂ ಆಗಲ್ಲ.

ಎಂಕೆ_ಮಂಜ
ಮತ್ತೆ ಟೀವಿ ಡಿಬೇಟಲ್ಲಿ ಸುನಕ್ "ಲೇಬರ್ ಬಂದ್ರೆ 2,000 ಪೌಂಡ್ ತೆರಿಗೆ" ಅಂತ ಬಡ್ಕೊಂಡ್ರಲ್ಲ?

ಸ್ವಾನ್ಸೀ_ಶಿಲ್ಪ
ಅದು ನಾಲ್ಕು ವರ್ಷದ್ದನ್ನ ಕೂಡಿಸಿ ಹೇಳಿದ್ದು, ಒಂದು ವರ್ಷದ್ದಲ್ಲ. ಸರ್ಕಾರಿ ಅಧಿಕಾರಿಗಳ ಲೆಕ್ಕ ಅಂತ ಹೇಳ್ಕೋಬೇಡಿ ಅಂತ ಖಜಾನೆಯ ಮುಖ್ಯ ಅಧಿಕಾರಿಯೇ ಮೊದಲೇ ಪತ್ರ ಬರೆದಿದ್ದರು.

ಗ್ಲಾಸ್ಗೋ_ಗೌಡ್ರು
ಲೆಕ್ಕಿಗರೇ, ನಿಮ್ ಲೆಕ್ಕ ನಮ್ ಸ್ಕಾಟ್ಲೆಂಡಿಗೆ ಆಗಕ್ಕಿಲ್ಲ. ಇಲ್ಲಿ 43,662 ದಾಟಿದ್ರೆ 42%. ನೀವೆಲ್ಲ ಪುಣ್ಯವಂತ್ರು, ಸುಮ್ಕಿರಿ.

ಮಂಡ್ಯ_ಮಾಂಚೆಸ್ಟರ್
ರಿಫಾರ್ಮ್ ಪಕ್ಷದ ಫರಾಜ್ ಸಾಹೇಬ್ರು 12,570ನ್ನ 20,000 ಮಾಡ್ತೀವಿ ಅಂತಾವ್ರೆ. ಹಾಕ್ಬುಡ್ಲಾ ವೋಟು? 😜

ಲೆಕ್ಕಿಗ
ದುಡ್ಡೆಲ್ಲಿಂದ ಅಂತ ಕೇಳಿ ಹಾಕಿ. ಟ್ರಸ್ ಮಾಡಿದ್ದಕ್ಕಿಂತ ದೊಡ್ಡ ಕಡಿತ ಅದು.

ಕುಂದಾಪ್ರದ_ಹೆಣ್ಣು · 19 ಜೂನ್
ಬೆಳಿಗ್ಗೆಯ ಸುದ್ದಿ: ಮೇ ತಿಂಗಳ ಹಣದುಬ್ಬರ 2.0%. ಗುರಿ ಮುಟ್ಟಿತು. ಅಜ್ಜಿ ಕೋಳಿ ಹಿಡಿದುಕೊಂಡು ಟೀವಿಗೆ ಬಂದಾಯ್ತು.

ಎಂಕೆ_ಮಂಜ
2% ಅಂದ್ರೆ ಬೆಲೆ ಇಳೀತು ಅಂತ ಅಲ್ಲ ತಾನೇ? ಏರೋ ವೇಗ ಇಳೀತು ಅಷ್ಟೇ. ಸೋನಾ ಮಸೂರಿ ಮೂಟೆ ಹಳೇ ರೇಟಿಗೆ ಬರಲ್ಲ.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್
ಭಾರತ ಸರ್ಕಾರ ಅಕ್ಕಿ ರಫ್ತು ಬಂದ್ ಮಾಡಿದ್ದಕ್ಕ ಅದು. ಅದಕ್ಕೂ ಟೋರಿಗೆ ಬೈತಿರೇನು?

ಕಾರ್ಕಳ_ಕೇಂಬ್ರಿಜ್
ನಾಳೆ ಬ್ಯಾಂಕ್ ಆಫ್ ಇಂಗ್ಲೆಂಡ್ ಸಭೆ. ಬಡ್ಡಿ ಇಳಿಸಿದರೆ ಮಂಜಣ್ಣ ಪಾರ್ಟಿ ಕೊಡಬೇಕು.

ಲೆಕ್ಕಿಗ · 20 ಜೂನ್
ಇಳಿಸಲಿಲ್ಲ. 7–2 ಮತ, 5.25%ನಲ್ಲೇ ಇದೆ. ಚುನಾವಣೆ ಇದೆ ಅಂತ ಇಳಿಸೋದಾಗಲಿ, ಇಳಿಸದೇ ಇರೋದಾಗಲಿ ಮಾಡಲ್ಲ ಅಂತಾರೆ. 1997ರ ಮೇ ತಿಂಗಳಲ್ಲಿ ಬಡ್ಡಿ ನಿರ್ಧಾರವನ್ನ ಚಾನ್ಸಲರ್ ಕೈಯಿಂದ ತೆಗೆದು ಬ್ಯಾಂಕಿಗೆ ಕೊಟ್ಟಿದ್ದು ಬ್ರೌನ್. ಬಂಗಾರಕ್ಕೆ ಬೈದವರು ಇದಕ್ಕೆ ಒಂದು ಅಂಕ ಕೊಡಿ.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್
ಅರ್ಧಾ ಅಂಕ.

ರೆಡಿಂಗ್_ರಂಗ
ನಿನ್ನೆ ಒಬ್ಬ ಅಭ್ಯರ್ಥಿ ಮನೆ ಬಾಗಿಲಿಗೇ ಬಂದಿದ್ರು. ಪಕ್ಷ ಯಾವುದು ಅಂತ ಹೇಳಲ್ಲ. ಲೆಕ್ಕಿಗರ 12,570ರ ಪ್ರಶ್ನೆ ಕೇಳಿದೆ. "ಬಹಳ ಒಳ್ಳೆ ಪ್ರಶ್ನೆ" ಅಂದು ರಸ್ತೆ ಗುಂಡಿ ಬಗ್ಗೆ ಮಾತಾಡಿದ್ರು. ಮತ್ತೆ ಕೇಳಿದೆ. ಕರಪತ್ರ ಕೊಟ್ಟು ಪಕ್ಕದ ಮನೆಗೆ ಹೋದ್ರು.

ಮಂಡ್ಯ_ಮಾಂಚೆಸ್ಟರ್
ನಮ್ಮೂರಲ್ಲಾದ್ರೆ ಒಂದು ಕುಕ್ಕರ್ರಾದ್ರೂ ಕೊಟ್ಟಿರೋರು.

ಯಾರ್ಕ್‌ಶೈರ್_ಡಾಕ್ಟ್ರು
ರಂಗ, ಅವರ ಎದುರಾಳಿ ಬಂದಾಗಲೂ ಅದೇ ಪ್ರಶ್ನೆ ಕೇಳಿ. ಇಬ್ಬರಲ್ಲಿ ಯಾರು ಹೆಚ್ಚು ಹೊತ್ತು ಬಾಗಿಲಲ್ಲಿ ನಿಲ್ಲುತ್ತಾರೆ ನೋಡೋಣ.

ಹೊಸಬ_ಲೀಡ್ಸ್
ನಾನೂ ಹೆಸರು ಸೇರಿಸಿದ್ದೀನಿ, ಚರ್ಚೆ ಪೂರ್ತಿ ಓದಿಲ್ಲ, ಕ್ಷಮಿಸಿ. ಮತಗಟ್ಟೆಗೆ ಫೋಟೋ ಐಡಿ ಬೇಕಂತಲ್ಲ, ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತಾ?

ಲೆಕ್ಕಿಗ
ನಡೆಯುತ್ತೆ. ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ಸಾಕು, ಬಿಆರ್‌ಪಿ (ವಾಸದ ಪರವಾನಗಿ) ಕಾರ್ಡೂ ಆಗುತ್ತೆ. ಆಫೀಸಿನ ಐಡಿ ಕಾರ್ಡ್ ತಗೊಂಡು ಹೋಗ್ಬೇಡಿ. ಬೆಳಿಗ್ಗೆ 7ರಿಂದ ರಾತ್ರಿ 10.